ರವಿಕೆ ಕಣದ ಹಕ್ಕಿಚೀಲ

ಮೊನ್ನೆ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಒಳಗೆ, ಅರಿಶಿನ-ಕುಂಕುಮಕ್ಕೆ ಹೋದಾಗೆಲ್ಲ ಕೊಟ್ಟ ರವಿಕೆ ಕಣಗಳು. ಯಾರೂ ಹೊಲಿಸುವುದಿಲ್ಲ, ಇನ್ನೊಬ್ಬರಿಗೆ ದಾಟಿಸುತ್ತಾರೆ. ಅವನ್ನು ಉಪಯೋಗಕ್ಕೆ ತಂದವಳು ಒಬ್ಬಳೇ... ನಮ್ಮ ಕೆಳಗಿನ ಮನೆಯ ಧಾರವಾಡದ ಅಕ್ಕ.

ಎಂಬತ್ತರ ದಶಕ, ಅಮೆರಿಕದ ಹೇವರ್ಡ್‌ನ ಅಪಾರ್ಟ್‌ಮೆಂಟು. ಅಕ್ಕ ವಾರವೆಲ್ಲ ಗೋಡೌನಿನಲ್ಲಿ ಡಬ್ಬಿ ಕಟ್ಟುತ್ತಿದ್ದಳು, ಶನಿವಾರ ಬಂದರೆ ಕಡಲ ಪಕ್ಕದ ಗುಡ್ಡಕ್ಕೆ ಓಡುತ್ತಿದ್ದಳು. ಚಳಿಗಾಲಕ್ಕೆ ಮುಂಚೆ ಬಂದಿಳಿಯುವ ಹಕ್ಕಿಗಳನ್ನು ಅಲ್ಲಿ ಪಕ್ಷಿ ಅಧ್ಯಯನದವರು ಬಲೆಯಲ್ಲಿ ಹಿಡಿದು, ಬಟ್ಟೆಚೀಲದಲ್ಲಿ ಹಾಕಿಟ್ಟು, ಎಲ್ಲೆಲ್ಲಿ ಹೋಗುತ್ತವೆ ಎಂದು ತಿಳಿಯಲು ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುತ್ತಿದ್ದರು. ಅಕ್ಕನಿಗೆ ಮೂರು ವರ್ಷದಿಂದ ತೂಕ ಬರೆಯುವ ಕೆಲಸ ಮಾತ್ರ. ಒಮ್ಮೆ, ಬರುವ ಶನಿವಾರ ಮೊದಲ ಸಲ ಉಂಗುರ ಹಾಕಲು ಬಿಡುತ್ತೇವೆ ಎಂದಿದ್ದರು. ವಾರವಿಡೀ ನನ್ನ ಹತ್ತಿರ ಅವಳದು ಅದೇ ಮಾತು.

ಅಲ್ಲಿ ಚೀಲ ಸಾಲುತ್ತಿಲ್ಲ ಎಂದು ನನ್ನ ಟ್ರಂಕಿಗೆ ಕೈ ಹಾಕಿದಳು. “ಏ ತಂಗಿ, ಈ ಖಣಾ ಇಟ್ಕೊಂಡು ಪೂಜಿ ಮಾಡ್ತೀಯೇನ?” ಇಬ್ಬರೂ ಕೂತು ಇಪ್ಪತ್ತು ಚೀಲ ಹೊಲಿದೆವು. ಶನಿವಾರ ನನ್ನನ್ನೂ ಕಾರಿಗೆ ಹತ್ತಿಸಿದಳು.

ಮಂಜು, ಗಾಳಿ, ಫ್ಲಾಸ್ಕಿನ ಕಾಫಿ. ಬಣ್ಣಬಣ್ಣದ ಚೀಲಗಳನ್ನು ಕೊಕ್ಕೆಗೆ ನೇತುಹಾಕಿದರೆ ಮದುವೆಮನೆಯ ಹಾಗೆ ಕಂಡಿತು. ಅಕ್ಕನ ಸರದಿ ಬಂತು. ಚೀಲದೊಳಗೆ ಕೈ ಹಾಕಿದಳು, ಹಕ್ಕಿ ಹೊರಗೆ ಬರಲಿಲ್ಲ. ರವಿಕೆ ಹೊಲಿಯುವ ಹಾಗೆ ಹೊಲಿಗೆಯ ಅಂಚನ್ನೆಲ್ಲ ಒಳಗೆ ಬಿಟ್ಟಿದ್ದೆವು. ಬಿಚ್ಚಿದ ದಾರ ಹಕ್ಕಿಯ ಉಗುರಿಗೆ ಸುತ್ತಿತ್ತು. ಎಳೆದರೆ ಕಾಲು ಮುರಿಯುತ್ತದೆ. ಅಲ್ಲಿಯ ಉಸ್ತುವಾರಿ ಹೆಂಗಸು ಮುಖ ಬಿಗಿದು, ಉಂಗುರದ ಇಕ್ಕಳವನ್ನು ಅಕ್ಕನ ಮುಂದಿನಿಂದ ಎತ್ತಿಕೊಂಡಳು. ಅಕ್ಕನ ಮುಖ ಸಣ್ಣಗಾಯಿತು.

“ಕತ್ತರಿ ಹಾಕಾಕ ಜಾಗಾನ ಇಲ್ಲ ತಂಗಿ.”

“ಅಲ್ಲಾಡಿಸಬೇಡ ಅಕ್ಕ, ಹಂಗೇ ಹಿಡ್ಕೋ,” ಎಂದವಳೇ ಬಗ್ಗಿ, ಹೊಲಿಗೆ ಮುಗಿದಾಗ ಮಾಡುವ ಹಾಗೆ, ಹಲ್ಲಿನಿಂದ ದಾರ ಕಡಿದೆ.

“ಓ ಮೈ ಗಾಡ್!” ಆ ಹೆಂಗಸು ಕಿರುಚಿದಳು.

“ಡೋಂಟ್ ವರಿ,” ಎಂದಳು ಅಕ್ಕ, “ಶಿ ಈಸ್ ವೆಜಿಟೇರಿಯನ್!”

ಗುಡ್ಡಕ್ಕೆ ಗುಡ್ಡವೇ ನಕ್ಕಿತು. ಹೆಂಗಸು ಹಕ್ಕಿಯ ಕಾಲು ಪರೀಕ್ಷಿಸಿದಳು, ಏನೂ ಆಗಿರಲಿಲ್ಲ. ನಗುತ್ತಲೇ ಇಕ್ಕಳವನ್ನು ಅಕ್ಕನ ಕೈಗೆ ಕೊಟ್ಟಳು. ಗುಬ್ಬಿಯ ಅರ್ಧದಷ್ಟೂ ಇಲ್ಲದ ಹಕ್ಕಿ, ನೆತ್ತಿಯಲ್ಲಿ ಕೆಂಪು. ಅಕ್ಕ ಉಸಿರು ಹಿಡಿದು ಉಂಗುರ ಮುಚ್ಚಿದಳು, ಅಂಗೈ ಬಿಚ್ಚಿದಳು. ಹಕ್ಕಿ ಒಂದು ಗಳಿಗೆ ಅಲ್ಲೇ ಕೂತು... ಹಾರಿತು.

“ಹೋಗಪಾ ನನ್ನ ರಾಜಾ, ಹೋಗ!” ಐವತ್ತು ದಾಟಿದ ಅಕ್ಕ ಎಲ್ಲರೆದುರು ಕುಣಿದಳು. ಮಧ್ಯಾಹ್ನ ಚಪಾತಿ, ಶೇಂಗಾ ಚಟ್ನಿ ತಿಂದು ಇಪ್ಪತ್ತು ಚೀಲವನ್ನೂ ಹೊಲಿಗೆಯ ಅಂಚು ಹೊರಗೆ ಬರುವ ಹಾಗೆ ತಿರುಗಿಸಿದೆವು.

ಆ ನಂಬರಿನ ಹಕ್ಕಿ ಮತ್ತೆ ಯಾರಿಗಾದರೂ ಸಿಕ್ಕಿದರೆ ಕಾಗದ ಬರುತ್ತದಂತೆ. ಬರಲಿಲ್ಲ. “ಸುದ್ದಿ ಇಲ್ಲಂದ್ರ ಎಲ್ಲೋ ಆರಾಮ ಅದ,” ಅನ್ನುತ್ತಿದ್ದಳು. ಆಮೇಲೆ ಅಕ್ಕನೂ ಮಗಳ ಜೊತೆ ದೂರದ ಊರಿಗೆ ಹೋದಳು. ಫೋನು ಕಮ್ಮಿಯಾಯಿತು, ನಿಂತಿತು...

ಹೋದ ತಿಂಗಳು ಆ ಮಗಳೇ ಫೋನು ಮಾಡಿದಳು. ಅಕ್ಕನಿಗೆ ತೊಂಬತ್ತು ತುಂಬಿತ್ತು, ಅಳುವಂಥದ್ದೇನಿಲ್ಲ. ಆದರೆ ಆ ಫೋನು ಬರುವವರೆಗೆ ಅಕ್ಕ ಎಲ್ಲೋ ಆರಾಮಾಗಿದ್ದಳು.