ರಂಗೂಬಾಯಿಯ ಫೋಟೊಗೆ ಬಿದ್ದ ಹಾರ

ಖಡಕಿ ಬಜಾರದ ಜಟ್ಟೆಪ್ಪನ ಸ್ಟುಡಿಯೊಗೆ ಜನ ಹೆಚ್ಚಾಗಿ ಬರುವುದು ಮನೆಯಲ್ಲಿ ಯಾರಾದರೂ ಸತ್ತ ಮೇಲೆ. ಮದುವೆಯ ಗುಂಪಿನಿಂದಲೋ ಆಧಾರ್ ಕಾರ್ಡಿನಿಂದಲೋ ಒಂದು ಮುಖ ಬಿಡಿಸಿ, ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಹಾರ ತೊಡಿಸಿಯೇ ಕೊಡುತ್ತಾನೆ. ಅವನ ತಾಯಿ ಸತ್ತಾಗ ಬಿಡಿಸಲು ಅಂಥದೊಂದು ಮುಖವೂ ಸಿಕ್ಕಿರಲಿಲ್ಲ. ಅದಕ್ಕೇ ಬದುಕಿದ್ದವರು ತಾವಾಗಿ ಬಂದು ಕುರ್ಚಿಯಲ್ಲಿ ಕೂತರೆ ಅವನಿಗೆ ಹಬ್ಬ. ಅವರು ಕ್ಯಾಮೆರಾ ಮರೆತು ತನ್ನನ್ನು ನೋಡುವವರೆಗೆ ಬಟನ್ ಒತ್ತುವುದಿಲ್ಲ.

ಗಾರೆ ಕೆಲಸದ ರಂಗೂಬಾಯಿ ಹಾಗೆ ಬಂದಿದ್ದಳು. ದಸರೆಯ ಮರುದಿನ ಅವಳಿಗೆ ಹೃದಯದ ಆಪರೇಶನ್. ಮಗಳು ಆರತಿ ಕಾಡಿ ಬೇಡಿ ಅದಕ್ಕೆ ಒಪ್ಪಿಸಿದ್ದಳು.

"ಸತ್ತ ಮ್ಯಾಲ ಹಾಕೂ ಫೋಟೊ ಅಲ್ರಿ ಇದು. ದವಾಖಾನಿಯಿಂದ ಬಂದು ನಾನ ಗ್ವಾಡಿಗಿ ಹಾಕಾಕಿ," ಎಂದಿದ್ದಳು ರಂಗೂಬಾಯಿ.

ದಸರೆಯ ಬೆಳಿಗ್ಗೆ ಜಟ್ಟೆಪ್ಪ ಅಂಗಡಿಯ ಪೂಜೆ ಮಾಡಿದ. ಕ್ಯಾಮೆರಾ, ಸ್ಟ್ಯಾಂಡು, ಪ್ರಿಂಟರು, ಕತ್ತರಿ, ಎಲ್ಲಕ್ಕೂ ಚೆಂಡುಹೂವು. ಕಾಯಿ ಒಡೆದು ತಿರುಗಿ ನೋಡಿದ. ಒಯ್ಯಲು ಸಿದ್ಧವಾಗಿದ್ದ ರಂಗೂಬಾಯಿಯ ಫೋಟೊಗೂ ಹಾರ ಬಿದ್ದಿತ್ತು. ಕಟ್ಟು ಕಂಡೊಡನೆ ಕೈ ತನ್ನ ರೂಢಿಯ ಕೆಲಸ ಮಾಡಿಬಿಟ್ಟಿತ್ತು. ತೆಗೆಯಲು ಧಾವಿಸಿದ. ಅಷ್ಟರಲ್ಲಿ ತಾಯಿ ಮಗಳು ಹೊಸ್ತಿಲಲ್ಲಿದ್ದರು.

"ಏನ್ ಮಾಡೀರಿ ಕಾಕಾ! ನಮ್ಮವ್ವ ಜೀವಂತ ಅದಾಳ!" ಆರತಿ ಚೀರಿದಳು.

ರಂಗೂಬಾಯಿ ಚೀರಲಿಲ್ಲ. "ನಡಿ, ಮನಿಗಿ ಹೋಗೂಣು. ನಾಳಿಗಿ ನಾ ಒಲ್ಲೆ. ದೇವರು ಮೊದಲ ಹೇಳ್ಯಾನ."

"ದೇವರಲ್ಲ ಅಕ್ಕಾ, ನನ್ನ ಹಾಳ ಕೈ!"

ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಜಟ್ಟೆಪ್ಪ ಕ್ಯಾಮೆರಾ ಎತ್ತಿ ಆರತಿಯ ಕೈಗೆ ತುರುಕಿದ. "ನಂದೊಂದು ತಗಿ." ಎಂದೂ ಕೂರದ ಆ ಕುರ್ಚಿಯಲ್ಲಿ ಕೂತು, ಬಾಗಿಲಾಚೆ ನಿಂತುಬಿಟ್ಟಿದ್ದ ರಂಗೂಬಾಯಿಯನ್ನೇ ನೋಡಿದ.

ಪ್ರಿಂಟು ಹೊರಬಂತು. ಅದಕ್ಕೊಂದು ಕಟ್ಟು ಹಾಕಿ, ಅವಳ ಫೋಟೊದ ಹಾರ ತೆಗೆದು ತನ್ನದಕ್ಕೆ ಹಾಕಿದ. ಬೀದಿಗೆ ಕಾಣುವ ಗಾಜಿನ ಕಪಾಟಿನಲ್ಲಿ ಇಟ್ಟ. ಅಪಶಕುನದ ಅಂಜಿಕೆ ಅವನಿಗೂ ಇತ್ತು, ಇಟ್ಟ ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡ. ರಂಗೂಬಾಯಿ ಆ ಕೈಯನ್ನೇ ನೋಡುತ್ತಿದ್ದಳು.

"ಈ ಹಾರ ನೀವ ದವಾಖಾನಿಯಿಂದ ಬಂದು ತಗೀಬೇಕ್ರಿ, ಅಕ್ಕಾ. ಅಲ್ಲೀತನಕ ಹಿಂಗ ಇರ್ತದ."

"ನಿಮ್ಮ ಹೇಣ್ತಿ ನೋಡಿದ್ರ ಬಡೀತಾಳ್ರಿ."

"ಹಂಗಾದ್ರ ಲಗೂನ ಬರ್ರಿ."

ಅವಳು ನಗಲಿಲ್ಲ. ತನ್ನ ಫೋಟೊವನ್ನೂ ಒಯ್ಯಲಿಲ್ಲ. "ಇರ್ಲಿ ಇಲ್ಲೇ," ಎಂದು ಹೊರಟಳು.

ಹೆಂಡತಿ ಅಂಬಾಬಾಯಿ ಅತ್ತಳು, ಬೈದಳು, ಮಾತು ಬಿಟ್ಟಳು. ಹಾದಿಹೋಕರು ಕಪಾಟು ನೋಡಿ, ಒಳಗೆ ಕೂತವನನ್ನು ನೋಡಿ, ಬೇಗ ದಾಟಿದರು. ಜಟ್ಟೆಪ್ಪ ಹಾರ ಮುಟ್ಟಲಿಲ್ಲ. ಆರತಿಗೆ ಫೋನು ಮಾಡುವ ಧೈರ್ಯವೂ ಅವನಿಗಾಗಲಿಲ್ಲ.

ದೀಪಾವಳಿಯ ಹೊತ್ತಿಗೆ ಹೂವು ಒಣಗಿ ಕಂದಿತ್ತು. ಅಂದು ಆಪರೇಶನ್ ಆದ ಎದೆಗೆ ಒಂದು ಕೈ ಒತ್ತಿ, ಮಗಳ ಹೆಗಲು ಹಿಡಿದು ಮೆಟ್ಟಿಲು ಹತ್ತಿದ ರಂಗೂಬಾಯಿ ಕಪಾಟು ತೆಗೆದಳು, ಹಾರ ಕಿತ್ತು ಬೀದಿಗೆ ಒಗೆದಳು.

"ಈಗ ಕೊಡ್ರಿ, ನನ್ನ ಫೋಟೊ."