ಐದಕ್ಕೆ ಬಿದ್ದ ಲೆಕ್ಕ

ಮದುವೆಯಾಗಿ ಏಳು ವರ್ಷಕ್ಕೆ ನಿಂತ ಬಸಿರು ಅದು. ಟಿ. ನರಸೀಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಆ ದಿನಗಳಲ್ಲಿ ಎರಡೆರಡಲಿ ಐದು ಅಂತ ಹುಡುಗರು ಬರೆದರೂ ಬೈಯುತ್ತಿರಲಿಲ್ಲ, ಅಷ್ಟು ಹಿಗ್ಗು.

ರಕ್ತಪರೀಕ್ಷೆಗೆ ನಂಜನಗೂಡಿಗೆ ಹೋದಾಗ ಹುಲ್ಲಹಳ್ಳಿಯಿಂದ ಅತ್ತೆಯೂ ಬಂದಿದ್ದರು. ಮಗುವಿಗೆ ಹುಟ್ಟಿನಿಂದಲೇ ಬರುವ ತೊಂದರೆಯೇನಾದರೂ ಇದ್ದೀತೇ ಎಂದು ಅಂದಾಜು ಹೇಳುವ ಪರೀಕ್ಷೆಯಂತೆ. "ಎಷ್ಟು ತಿಂಗಳಮ್ಮ?" ಎಂದು ನರ್ಸ್ ನನ್ನನ್ನು ಕೇಳಿದರೆ ಅತ್ತೆ ಮುಂದೆ ಬಂದು, "ಐದು ಕಣವ್ವ" ಅಂದುಬಿಟ್ಟರು. ಅವರ ಎದುರಿಗೆ ತಿಂಗಳ ಲೆಕ್ಕ ಮಾತಾಡಲು ನನಗೋ ನಾಚಿಕೆ. ಸುಮ್ಮನೆ ತಲೆಯಾಡಿಸಿದೆ. ನರ್ಸ್ ಇಪ್ಪತ್ತು ವಾರ ಎಂದು ಬರೆದುಕೊಂಡಳು.

ರಿಪೋರ್ಟ್ ಬಂತು: ಹೈ ರಿಸ್ಕ್. ಡೌನ್ ಸಿಂಡ್ರೋಮ್ ಇರುವ ಸಂಭವ ಹೆಚ್ಚು, ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ಬೇಕಾದರೆ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು ನೋಡುತ್ತಾರೆ ಎಂದರು. ಆ ಸೂಜಿಯಿಂದಲೇ ಗರ್ಭ ಇಳಿದುಹೋಗುವುದೂ ಉಂಟಂತೆ. ಸಂಭವನೀಯತೆಯ ಪಾಠವನ್ನು ವರ್ಷಾ ವರ್ಷಾ ಮಾಡಿದವಳಿಗೆ ಆ ರಿಸ್ಕಿನ ತಲೆಬುಡ ತಿಳಿಯಲಿಲ್ಲ. ಗಂಡ ರಿಪೋರ್ಟನ್ನು ಮಡಿಸುವುದು, ಮತ್ತೆ ಬಿಡಿಸುವುದು. ಅತ್ತೆ ಮಾತ್ರ ನನ್ನ ತಲೆಗೆ ಎಣ್ಣೆ ಒತ್ತುತ್ತಾ, "ಎಂಗಾರ ಉಟ್ಲಿ, ನಮ್ ಕೂಸು. ನಾನಿರಗಂಟ ನಿಂಗ್ಯಾಕವ್ವ ದಿಗಿಲು?" ಅಂದರು.

ಮೈಸೂರಿನ ಡಾಕ್ಟರ್ ಸ್ಕ್ಯಾನ್ ಮಾಡುತ್ತಾ ಹುಬ್ಬುಗಂಟಿಕ್ಕಿದರು. "ಇವತ್ತಿಗೆ ಹದಿನೆಂಟು ವಾರ. ರಕ್ತ ಕೊಟ್ಟ ದಿನ ಹದಿನೇಳು. ಇಪ್ಪತ್ತು ಅಂದವರು ಯಾರು?"

"ನಾನೇ ಕಣಪ್ಪ," ಅತ್ತೆ ಮೆಲ್ಲಗೆ ಅಂದರು. "ನಾಕು ತುಂಬಿ ಐದಕ್ಕೆ ಬಿದ್ದಿತ್ತಲ್ಲ, ಐದು ಅಂದೆ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ರಕ್ತದಲ್ಲಿ ನೋಡುವ ಅಂಶಗಳು ವಾರವಾರಕ್ಕೂ ಬದಲಾಗುವುದರಿಂದ ವಾರ ತಪ್ಪಿದರೆ ಇಡೀ ಲೆಕ್ಕವೇ ತಪ್ಪುತ್ತದಂತೆ. ಸರಿಯಾದ ವಾರ ಹಾಕಿ ಮತ್ತೆ ಲೆಕ್ಕ ಮಾಡಿಸಿದಾಗ ರಿಸ್ಕ್ ಸರ್ರನೆ ಕೆಳಗಿಳಿಯಿತು. ನನಗೆ ಅಲ್ಲೇ ಎದ್ದು ಕುಣಿಯಬೇಕೆನಿಸಿತು.

"ಇಲ್ಲವೇ ಇಲ್ಲ ಅಂತಲ್ಲಮ್ಮ, ಕಡಿಮೆ ಅಷ್ಟೆ. ಸೂಜಿ ಬೇಕೋ ಬೇಡವೋ ನೀವೇ ಹೇಳಿ," ಎಂದರು ಡಾಕ್ಟರ್.

ಎಂಥ ಕೂಸಾದರೂ ನಮ್ಮದೇ ತಾನೆ. ಈ ಸಲ ಅತ್ತೆಗಿಂತ ಮೊದಲೇ ಬಾಯಿಬಿಟ್ಟೆ: "ಬೇಡ."

ವಾಪಸ್ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಕೈಲಿದ್ದ ಫೈಲನ್ನೂ ಹೊಟ್ಟೆಯನ್ನೂ ನೋಡಿ, "ಎಷ್ಟ್ ತಿಂಗ್ಳವ್ವ?" ಅಂದಳು. ಅತ್ತೆ ತಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡು ನನ್ನತ್ತ ತಿರುಗಿದರು. "ನೀನೇ ಯೋಳವ್ವ."

"ಹದಿನೆಂಟು ವಾರ," ಅಂದೆ.

ಆಕೆ ಬೆರಳು ಮಡಿಸಿ ಮಡಿಸಿ ಎಣಿಸಿ, "ಅಂಗಂದ್ರೆ ಐದು ಅನ್ನು!" ಎಂದಳು. ನಾನೂ ಅತ್ತೆಯೂ ನಕ್ಕ ನಗುವಿಗೆ ಕಂಡಕ್ಟರ್ ತಿರುಗಿ ನೋಡಿದ.