ಆಲ್ಬೀನಾಳ ಐವತ್ತು ಗುಂಡು

ನನ್ನ ಅಕ್ಕ ಆಲ್ಬೀನಾಳ ಕಿವಿಗೆ ನಮ್ಮ ಲವಾಕಾ ಸೀಮೆಯಲ್ಲೆಲ್ಲ ಹೆಸರು. ಮೂವತ್ತೆಂಟು ವರ್ಷದಿಂದ ಪಿಯಾನೋಗಳಿಗೆ ಶ್ರುತಿ ಕೂರಿಸುವುದೇ ಅವಳ ಕಸುಬು. ಚರ್ಚು, ಶಾಲೆ, ಡಾನ್ಸ್ ಹಾಲು, ದನದ ರ‍್ಯಾಂಚುಗಳ ದೊಡ್ಡ ಮನೆಗಳು, ಎಲ್ಲಿ ತಂತಿ ಸಡಿಲವಾದರೂ ಅವಳಿಗೇ ಕರೆ. ಮದುವೆ ಮಾತೆತ್ತಿದರೆ, “ಗಂಡಸರ ಗೊರಕೆಗೆ ಶ್ರುತಿ ಕೂರಿಸೋದು ನನ್ನ ಕೈಲಾಗಲ್ಲ ಕಣೇ” ಎಂದು ನಕ್ಕುಬಿಡುತ್ತಿದ್ದಳು.

ಅಂಥವಳು ಒಂದು ವರ್ಷದಿಂದ ಊರು ಬಿಟ್ಟು ಹೊರಡುವುದನ್ನೇ ನಿಲ್ಲಿಸಿದ್ದಳು. ಒಂದು ರ‍್ಯಾಂಚಿನ ದಾರಿಯಲ್ಲಿ ಅವಳ ವ್ಯಾನಿನ ಟೈರು ಪಂಕ್ಚರ್ ಆಗಿತ್ತು. ಕುಡಿದವನೊಬ್ಬ ಬಂದು ಅರ್ಧ ಗಂಟೆ ಬಾಗಿಲು ಹಿಡಿದು ಅಲುಗಾಡಿಸಿದ್ದ. ಹಾಲಿನ ಲಾರಿ ಬಂದದ್ದಕ್ಕೆ ಬಚಾವಾದಳು. ಆಮೇಲೆ ದೂರದ ಮನೆಗಳಿಂದ ಫೋನ್ ಬಂದರೆ ಮೈ ಸರಿಯಿಲ್ಲ ಅನ್ನುತ್ತಿದ್ದಳು. ಸುಳ್ಳು! ಗುಂಡುಕಲ್ಲಿನ ಹಾಗಿದ್ದಳು. ಹೆದರಿದ್ದಳು, ಅಷ್ಟೆ.

ಪಿಸ್ತೂಲು ಮರೆಯಲ್ಲಿ ಇಟ್ಟುಕೊಂಡು ಓಡಾಡಲು ಲೈಸೆನ್ಸ್ ಕೊಡುವ ಕಾನೂನು ನಮ್ಮ ಟೆಕ್ಸಸ್‌ನಲ್ಲಿ ಬಂದು ಆಗಿನ್ನೂ ವರ್ಷವಾಗಿರಲಿಲ್ಲ. “ತಗೋ ಅಕ್ಕಾ, ಧೈರ್ಯವಾಗಿ ಹೋಗು” ಎಂದೆ.

“ಗುಂಡಿನ ಸದ್ದು ಕಿವೀಲಿ ಗುಂಯ್ ಅಂತ ಕೂತುಬಿಟ್ರೆ? ಕಣ್ಣಿಲ್ಲದೇನೂ ಪಿಯಾನೋ ರಿಪೇರಿ ಮಾಡ್ತೀನಿ ರೋಸಿ. ಕಿವಿ ಹೋದ್ರೆ ನಾನು ಮುಗಿದೆ.”

ಲೈಸೆನ್ಸ್ ಇಲ್ಲದಿದ್ದರೆ ಭಯ, ಲೈಸೆನ್ಸ್ ತೆಗೆದುಕೊಳ್ಳಹೋದರೆ ಕಿವಿಗೆ ಕುತ್ತು. ಮೂರು ತಿಂಗಳು ಯೋಚಿಸಿ ಕೊನೆಗೆ ಹೂಂ ಅಂದಳು. ಜೊತೆಗಿರಲಿ ಎಂದು ನಾನೂ ಹೆಸರು ಕೊಟ್ಟೆ. ಚಿಕ್ಕಂದಿನಿಂದ ಬಂದೂಕು ಹಿಡಿದವಳು ನಾನು, ನನಗ್ಯಾವ ಪರೀಕ್ಷೆ ಎಂದು ಊರೆಲ್ಲ ಜಂಬ ಕೊಚ್ಚಿಕೊಂಡೂ ಬಂದೆ.

ಪರೀಕ್ಷೆ ಮಹಾ ಏನಲ್ಲ. ಹಿಂದಿನ ದಿನ ಕಾನೂನಿನ ಪಾಠ, ಬರೆಯುವ ಪರೀಕ್ಷೆ. ಮರುದಿನ ಬಯಲಿನಲ್ಲಿ ಐವತ್ತು ಗುಂಡು. ಎದುರಿಗೆ ಕಪ್ಪು ಕಾಗದದ ಮನುಷ್ಯ. ಮೂರು ಗಜದಿಂದ ಇಪ್ಪತ್ತು, ಅಲ್ಲಿಂದ ಉಗಿದರೂ ತಾಗುತ್ತದೆ. ಏಳು ಗಜದಿಂದ ಇಪ್ಪತ್ತು. ಹದಿನೈದು ಗಜದಿಂದ ಹತ್ತು, ಅಲ್ಲೇ ಬಣ್ಣ ಬಯಲಾಗುವುದು. ಒಟ್ಟು ಇನ್ನೂರೈವತ್ತು ಅಂಕ, ನೂರ ಎಪ್ಪತ್ತೈದು ಬಂದರೆ ಪಾಸು. ಸೀಟಿ ಊದಿದ ಮೇಲೆ ಎರಡು ಸೆಕೆಂಡಿಗೆ ಒಂದು, ಮೂರು ಸೆಕೆಂಡಿಗೆ ಎರಡು, ಹೀಗೆ ಹೊತ್ತಿನ ಕಟ್ಟುಪಾಡು.

ಪರೀಕ್ಷೆ ಮಾಡಿಸುವವನು ವಿಲ್ಬರ್ಟ್ ಹ್ರುಷ್ಕಾ, ಪೊಲೀಸ್ ಕೆಲಸದಿಂದ ನಿವೃತ್ತನಾದವನು. ನಮ್ಮಿಬ್ಬರ ಜೊತೆ ಆರು ಜನ ಗಂಡಸರು ಸಾಲಿನಲ್ಲಿ ನಿಂತರು. ಆಲ್ಬೀನಾ ಕಿವಿಯೊಳಗೆ ಸ್ಪಂಜಿನ ಬಿರಡೆ ತುರುಕಿ, ಮೇಲೆ ಬಟ್ಟಲಿನಂಥ ದಪ್ಪ ಕಿವಿಗಾಪು ಹಾಕಿ, ಅದರ ಮೇಲೆ ಉಣ್ಣೆಯ ಶಾಲು ಬಿಗಿದಿದ್ದಳು. ಏಪ್ರಿಲ್ ಬಿಸಿಲು ಬೇರೆ!

ವಿಲ್ಬರ್ಟ್ ಸೀಟಿ ಊದಿದ. ಎಲ್ಲರೂ ಹೊಡೆದರು. ಅವಳು ಸುಮ್ಮನೆ ನಿಂತಿದ್ದಳು.

ಅವನು ತಡೆದ. ಶಾಲು ಬಿಚ್ಚಿಸಿ, “ಅಮ್ಮಾ, ನನ್ನ ಮಾತು ಕೇಳಿಸದಿದ್ರೆ ನಿಮ್ಮನ್ನ ಸಾಲಲ್ಲಿ ನಿಲ್ಲಿಸೋಕಾಗಲ್ಲ. ಒಂದಾದ್ರೂ ತೆಗೀರಿ” ಎಂದ.

“ತೆಗೆಯಲ್ಲ” ಎಂದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. “ಏನಯ್ಯಾ ವಿಲ್ಬರ್ಟ್! ನಿಮ್ಮ ಚರ್ಚಿನ ಪಿಯಾನೋ ಇವತ್ತು ನೆಟ್ಟಗೆ ಹಾಡ್ತಿರೋದು ಆ ಕಿವಿಯಿಂದ. ಕಿವುಡರು ಪರೀಕ್ಷೆಗೆ ಬಂದ್ರೆ ವಾಪಸ್ ಕಳಿಸ್ತೀಯಾ?”

ಅವನು ತಲೆ ಕೆರೆದುಕೊಂಡ. “ಕಿವುಡರಿಗೆ ಭುಜ ತಟ್ತೀನಿ ರೋಸಮ್ಮ. ಸರಿ ಬಿಡಿ, ಇವರದ್ದು ಕೊನೆಗೆ, ಒಬ್ಬರೇ.”

ಉಳಿದವರದು ಮುಗಿಯಿತು. ಆ ಆರೂ ಜನ ಪಾಸು. ನನಗೆ ನೂರ ಅರವತ್ತೆಂಟು. ಫೇಲು! ನಗಬೇಡಿ. ಯಾರೂ ಮನೆಗೆ ಹೋಗಲಿಲ್ಲ, ಅಕ್ಕನನ್ನು ನೋಡಲು ನಿಂತರು.

ವಿಲ್ಬರ್ಟ್ ಅವಳ ಹಿಂದೆ ನಿಂತು ಭುಜ ತಟ್ಟಿದ. ಢಂ. ತಟ್ಟಿದ, ಢಂ ಢಂ. ಎರಡು ಸೆಕೆಂಡು ಎಂದರೆ ಎಷ್ಟು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜೀವಮಾನವೆಲ್ಲ ತಾಳ ಎಣಿಸಿದವಳು. ಒಂದು ಗುಂಡೂ ತಡವಾಗಲಿಲ್ಲ, ಒಂದೂ ಅವಸರವಾಗಲಿಲ್ಲ. “ಯಪ್ಪಾ, ಈಯಮ್ಮ ನಮ್ಮನ್ನೆಲ್ಲ ಗುಡಿಸಿಹಾಕಿಬಿಟ್ಳು” ಎಂದ ಸಾಲಿನ ತುದಿಯ ದಢೂತಿ.

ಹದಿನೈದು ಗಜದ ಮೊದಲ ಐದರಲ್ಲಿ ಮೂರು ಗುಂಡು ಹೊಡೆದವಳು ಇದ್ದಕ್ಕಿದ್ದಂತೆ ರಿವಾಲ್ವರನ್ನು ಮೇಜಿನ ಮೇಲಿಟ್ಟು ಕೈ ಎತ್ತಿದಳು. ಗಡಿಯಾರ ಓಡುತ್ತಿತ್ತು.

“ಹೊಡಿಯೇ, ಹೊಡೀ!” ಎಂದು ಕಿರುಚಿದೆ. ಕೇಳಿದರೆ ತಾನೇ?

ಬೆವರಿಗೆ ಎಡಗಿವಿಯ ಬಿರಡೆ ಜಾರಿತ್ತು. ಅವಳು ಕಿವಿಗಾಪು ಸರಿಸಿ, ನಿಧಾನವಾಗಿ ಅದನ್ನು ತೆಗೆದು, ಒರೆಸಿ, ಹಿಸುಕಿ, ಮತ್ತೆ ಒಳಗಿಟ್ಟು ಉಬ್ಬುವ ತನಕ ಕಾದಳು. ಹೊತ್ತು ಮೀರಿತು. ಉಳಿದೆರಡು ಗುಂಡು ಲೆಕ್ಕಕ್ಕಿಲ್ಲ, ಹತ್ತು ಅಂಕ ನೀರಿನಲ್ಲಿ ಹೋಮ. ಅವಳ ಮುಖದಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಕೊನೆಯ ಐದು ಗುಂಡನ್ನು ಹೊಡೆದು ಮುಗಿಸಿದಳು.

ವಿಲ್ಬರ್ಟ್ ತೂತುಗಳನ್ನು ಎರಡು ಸಲ ಎಣಿಸಿದ. “ಇನ್ನೂರ ಹತ್ತೊಂಬತ್ತು! ಪಾಸು!”

ಗಂಡಸರು ಟೋಪಿ ಹಾರಿಸಿ ಕೂಗಿದರು. ನಾನು ಕುಣಿದೆ, ಅರವತ್ತೊಂದು ವರ್ಷದ ಮೊಣಕಾಲಲ್ಲೇ. ಆಲ್ಬೀನಾ ಮಾತ್ರ ನಗಲಿಲ್ಲ. ಕಿವಿಗಾಪು, ಬಿರಡೆ ತೆಗೆದು ವ್ಯಾನಿನತ್ತ ಹೋಗಿ, ಬಡಿದರೆ ಒಂದೇ ಸ್ವರ ಕೊಡುವ ಉಕ್ಕಿನ ಶ್ರುತಿಕವೆ ಹಿಡಿದು ಬಂದಳು. ಗಂಡಸರು ಹಾರಿಸಿದ ಟೋಪಿಗಳನ್ನು ಹೆಕ್ಕಿಕೊಂಡು ನಿಂತರು. ಅವಳ ಪರೀಕ್ಷೆ ಇನ್ನೂ ಮುಗಿದಿಲ್ಲವೆಂದು ಆ ದಾಂಡಿಗರಿಗೂ ಅರ್ಥವಾಗಿತ್ತು.

ಮಂಡಿಗೆ ಕವೆ ಬಡಿದು ಬಲಗಿವಿಗೆ ಹಿಡಿದಳು. ಎಡಗಿವಿಗೆ ಹಿಡಿದಳು. ಮುಖ ನೋಡಿದರೆ ಏನೂ ತಿಳಿಯುತ್ತಿಲ್ಲ. ಹೋಗು ಹೋಗು ಎಂದು ತಳ್ಳಿದವಳು ನಾನೇ ಅಲ್ಲವೇ, ದೇವರೇ.

“ಈ ಸ್ವರ ಹಿಡ್ಕೊಂಡು ಒಬ್ಬೊಬ್ಬರಾಗಿ ‘ಆ’ ಅನ್ನಿ” ಎಂದು ಕವೆಯನ್ನು ಮತ್ತೆ ಬಡಿದು ಅವರ ಕಿವಿಗೆ ಹಿಡಿದಳು.

ಅಂದರು. ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡ ಆರು ಗಂಡಸರು, ಜೊತೆಗೆ ವಿಲ್ಬರ್ಟ್, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತು ‘ಆ’ ಅಂದರು. ಅವಳು ಒಬ್ಬೊಬ್ಬರ ಬಾಯಿಗೂ ಕಿವಿ ಕೊಟ್ಟು ನಡೆದಳು.

“ನೀನು ಸರಿ. ನೀನೂ ಸರಿ. ನೀನು ಕೂದಲೆಳೆಯಷ್ಟು ಮೇಲೆ, ಇಳಿ ಇಳಿ. ಹಾಂ. ವಿಲ್ಬರ್ಟ್, ನೀನು ಕೆಳಗಿದೀಯಪ್ಪ, ಸ್ವಲ್ಪ ಹತ್ತು.”

ಕೂದಲೆಳೆಯಷ್ಟೂ ಕೇಳುತ್ತಿತ್ತು! ನಾನು ಅಳುತ್ತಲೇ ‘ಆ’ ಅಂದೆ.

“ಅಯ್ಯೋ ರೋಸಿ, ಕತ್ತೆ ಅರಚೋದೇ ಇದಕ್ಕಿಂತ ಶ್ರುತಿಯಾಗಿರುತ್ತೆ” ಎಂದು ನನ್ನನ್ನು ತಬ್ಬಿಕೊಂಡಳು. ಅವಳ ಕಣ್ಣಲ್ಲೂ ನೀರು.

ಆಮೇಲೆ ವಿಲ್ಬರ್ಟನ ಆಫೀಸಿನ ಫೋನಿನಿಂದ ನಲವತ್ತು ಮೈಲಿ ದೂರದ ರ‍್ಯಾಂಚಿನ ಮನೆಗೆ ಕರೆ ಮಾಡಿದಳು. “ನಾನು ಆಲ್ಬೀನಾ. ಹೂಂ, ಮೈ ಸರಿಹೋಯ್ತು. ಲೈಸೆನ್ಸ್ ಅಂಚೇಲಿ ಬಂದ ದಿನಾನೇ ಬರ್ತೀನಿ. ಇಲ್ಲ ಕಣಮ್ಮ, ಯಾರೂ ಕರ್ಕೊಂಡು ಬರೋದು ಬೇಡ, ಒಬ್ಬಳೇ ಬರ್ತೀನಿ.”